ಕರೂರಿನಿಂದ ಕಾರು ಕೊಳ್ಳಲು ಹೋದದ್ದು

ಸಿರುಗುಪ್ಪ ಸೀಮೆಯ ಕರೂರಿನಲ್ಲಿರುವ ನನ್ನ ಸೋದರಮಾವನವರನ್ನು ಭತ್ತದ ವ್ಯಾಪಾರದಲ್ಲಿ ವಂಚಿಸುವುದು ಸುಲಭವಲ್ಲ. ಚೀಲಕ್ಕೆ ಕೈಯಿಟ್ಟು, ನಾಲ್ಕು ಕಾಳು ಕಡಿದು, ತೇವವೆಷ್ಟೆಂದು ಹೇಳಬಲ್ಲರು. ಅಂಥವರು ಕಳೆದ ಸುಗ್ಗಿಯ ಅನಂತರ ಕಾರು ಕೊಳ್ಳಲೆಂದು ಬಳ್ಳಾರಿಯ ಮಳಿಗೆಯೊಂದಕ್ಕೆ ನನ್ನನ್ನೂ ಕರೆದೊಯ್ದರು.

ತಂಪಾದ ಕೋಣೆ, ಕಾಫಿ, ಮಾತುಮಾತಿಗೆ 'ಸಾರ್'. "ಈ ಬೆಲೆ ಇವತ್ತಿಗೇ ಕೊನೆ" ಎಂದನೊಬ್ಬ ತರುಣ. ಮುಂಗಡ ಕೊಟ್ಟ ಮೇಲೆ ಕೈಗೆ ಬಂದ ಪಟ್ಟಿಯಲ್ಲಿ ಬೆಲೆ, ತೆರಿಗೆಗಳ ಕೆಳಗೆ 'ನಿರ್ವಹಣಾ ವೆಚ್ಚ' ಎಂದೊಂದು ಸಾಲು. ಅದೇತಕ್ಕೆಂದು ಕೇಳಿದರೆ ನಗೆಯೇ ಉತ್ತರ. ವಿಮೆಯನ್ನು ಅಲ್ಲಿಯೇ ಮಾಡಿಸದಿದ್ದರೆ ಗಾಡಿ ತಡವಾದೀತಂತೆ! ಎಲ್ಲಿ ಮಾಡಿಸಬೇಕೆಂಬುದು ಕೊಳ್ಳುವವನ ಇಷ್ಟ. ಇದು ನನಗೆ ತಿಳಿದಿತ್ತು. ಆದರೂ ಆ ಗಾಜಿನ ಗೋಡೆಗಳ ನಡುವೆ ನಾಚಿ ಸುಮ್ಮನಿದ್ದೆ. ಪಾಠ ಹೇಳುವ ಕಸುಬಿನವನಿಗೆ ಇದು ಶೋಭಿಸದು.

ಬಾಯಿಬಿಟ್ಟವರು ಮಾವ. "ಚಾಸಿ ನಂಬರು ತೋರ್ಸಪ್ಪ" ಎಂದರು. ಗಾಡಿ ತಯಾರಾದ ಕಾಲ ಆ ಸಂಖ್ಯೆಯಿಂದ ತಿಳಿಯುತ್ತದೆಂಬುದನ್ನು ಟ್ರ್ಯಾಕ್ಟರು ಕೊಂಡಾಗಲೇ ಅರಿತಿದ್ದರು. ಹೊಸತೆಂದು ತೋರಿಸಿದ್ದ ಗಾಡಿ ಹಿಂದಿನ ವರ್ಷದ್ದು! ಮುಂದೆ ಮಾರಹೋದರೆ ಆ ಒಂದು ವರ್ಷದ ನಷ್ಟ ನಮ್ಮ ತಲೆಗೆ.

ಮುಂಗಡವನ್ನು ಹಿಂದಿರುಗಿಸಲು ಮಳಿಗೆಯವರು ಒಪ್ಪಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಟ್ಟಳೆಯೂ ಇಲ್ಲ. ಆ ರಾತ್ರಿ ಕರೂರಿನ ಪಡಸಾಲೆಯಲ್ಲಿ ಕುಳಿತು ದೂರಿನ ಕರಡನ್ನು ಬರೆದೆ. ಮಾವ ಎರಡು ಸಲ ಓದಿಸಿ ಕೇಳಿದರು. 'ನಿರ್ವಹಣಾ ವೆಚ್ಚ' ಎಂಬಲ್ಲಿ ಬೆರಳಿಟ್ಟು, "ಇದನ್ನ ಇನ್ನೊಂದಿಷ್ಟು ದಪ್ಪಗೆ ಬರಿ" ಎಂದರು.