ಓರೆ ಬಿಸಿಲಿನಲ್ಲಿ ಕಲ್ಲು, ಗೂಡು, ಕೆರೆಯಂಗಳ

ನಂದಿ ಗ್ರಾಮದ ಭೋಗನಂದೀಶ್ವರ ದೇಗುಲ ಪೂರ್ವಾಭಿಮುಖವಾದುದು. ಚಳಿಗಾಲದಲ್ಲಿ ಸೂರ್ಯ ಆಗ್ನೇಯದ ಕಡೆ ವಾಲಿ ಹುಟ್ಟುವುದರಿಂದ ಬೆಳಗಿನ ಬಿಸಿಲು ದಕ್ಷಿಣದ ಗೋಡೆಯನ್ನು ನೇರವಾಗಿ ಹೊಡೆಯದೆ ಸವರಿಕೊಂಡು ಹೋಗುತ್ತದೆ. ಆಗ ಗ್ರಾನೈಟಿನ ತರಿ, ಉಳಿಯ ಗುರುತು, ಜಾಲಂಧ್ರದ ಅಂಚಿನ ಸವಕಳಿ ಎಲ್ಲಕ್ಕೂ ಒಂದೊಂದು ಎಳೆ ನೆರಳು ಹುಟ್ಟುತ್ತದೆ. ಫೋಟೊ ನೋಡಿದವರ ಬೆರಳು ತಾನಾಗಿಯೇ ಮುಟ್ಟಲು ಮುಂದಾಗುತ್ತದೆ. ಉತ್ತರದ ಗೋಡೆಗೆ ಈ ಭಾಗ್ಯ ಬೇಕಾದರೆ ಜೂನ್‌ವರೆಗೆ ಕಾಯಬೇಕು. ಸೂರ್ಯ ಈಶಾನ್ಯಕ್ಕೆ ಸರಿಯುವುದು ಆಗಲೇ.

ಛಾಯಾಗ್ರಾಹಕರು ಟೆಕ್ಸ್ಚರ್ ಎನ್ನುವ ಈ ಮೇಲ್ಮೈಯ ಗುಣವನ್ನು ಹಿಡಿಯುವುದು ಬಹುಪಾಲು ಬೆಳಕಿನ ಕೋನದ ಲೆಕ್ಕ. ಬೆಳಕು ಎದುರಿನಿಂದ ಬಿದ್ದರೆ ಯಾವ ಮೇಲ್ಮೈಯೂ ಸಪಾಟಾಗುತ್ತದೆ, ಓರೆಯಾಗಿ ಬಿದ್ದರೆ ಏಳುತ್ತದೆ. ಮಧ್ಯಾಹ್ನದ ಬಿಸಿಲು ಫೋಟೊಗೆ ಕೆಟ್ಟದ್ದು ಎಂಬ ಮಾತನ್ನು ಪೂರ್ತಿ ನಂಬಬೇಕಿಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ನಮ್ಮ ಸೀಮೆಯಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆಲಕ್ಕೆ ಅದು ಎದುರು ಬೆಳಕು. ನೆಟ್ಟಗೆ ನಿಂತ ಗೋಡೆಗೆ ಮಾತ್ರ ಮೇಲಿನಿಂದ ಜಾರುವ ಓರೆ ಬೆಳಕು. ಅದೇ ದೇಗುಲದ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳದು ಬೇರೆಯೇ ಸ್ವಭಾವ. ಕ್ಯಾಮೆರಾ ಆ ಕಪ್ಪನ್ನು ಕಂಡು ಬೆಳಕು ಸಾಲದೆಂದು ತಿಳಿದು ಕಲ್ಲನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿದರೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ಶಿಡ್ಲಘಟ್ಟದಲ್ಲಿ ಈ ಲೆಕ್ಕ ತಿರುವುಮುರುವು. ದ್ವಿತಳಿ ರೇಷ್ಮೆಗೂಡಿನ ಬಿಳುಪಿಗೆ ಕ್ಯಾಮೆರಾ ಹೆದರಿ ಮಬ್ಬು ಮಾಡುವುದರಿಂದ ಒಂದು ಸ್ಟಾಪ್ ಏರಿಸಬೇಕು. ಮಿಶ್ರತಳಿಯ ತಿಳಿಹಳದಿ ಗೂಡಿಗೆ ಅಷ್ಟು ಬೇಡ. ರೇಷ್ಮೆಗೂಡನ್ನು ಮ್ಯಾಕ್ರೋ ಲೆನ್ಸಿನಲ್ಲಿ ನೋಡದವರು ಅದನ್ನು ನುಣುಪೆಂದೇ ತಿಳಿದಿರುತ್ತಾರೆ. ಹತ್ತಿರದಿಂದ ಅದು ಸಣ್ಣ ಸಣ್ಣ ಉಬ್ಬುಗಳ, ಎಳೆಯ ಮೇಲೆ ಎಳೆ ಹಾಯ್ದ ಒರಟು ಮೈ. ನನ್ನ ಮಟ್ಟಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಅತ್ಯಂತ ಚೆಲುವಾದ ಮೇಲ್ಮೈ ಮಾತ್ರ ಬಿದಿರಿನ ಚಂದ್ರಿಕೆ. ಹಣ್ಣಾದ ಹುಳುಗಳನ್ನು ಬಿಡುವ ಆ ಸುರುಳಿ, ಬಿದಿರ ಪಟ್ಟಿಗಳ ಸಂದಿನಲ್ಲಿ ಕೂತ ಗೂಡುಗಳು, ಅಂಚಿಗೆ ಅಂಟಿದ ರೇಷ್ಮೆಯ ನವಿರು ಎಳೆಗಳು: ಕಿಟಕಿಯ ಪಕ್ಕದ ಬೆಳಕೊಂದಿದ್ದರೆ ಸಾಕು. ಪ್ಲಾಸ್ಟಿಕ್ ನೇತ್ರಿಕೆಗಳು ಬಂದ ಮೇಲೆ ಹಳೆಯ ಚಂದ್ರಿಕೆಗಳನ್ನು ಚಿತ್ರದಲ್ಲಿ ಉಳಿಸಿಕೊಳ್ಳುವ ತುರ್ತು ನಿಜಕ್ಕೂ ಇದೆ. ಆದರೆ ಹುಳು ಮನೆಗೆ ಕ್ಯಾಮೆರಾ ಹಿಡಿದು ನುಗ್ಗಬಾರದು. ಹೊರಗಿನವರ ಕಾಲಿನ ಜೊತೆ ರೋಗ ಒಳಗೆ ಬರುತ್ತದೆಂಬ ರೈತರ ಭಯಕ್ಕೆ ಕಾರಣವಿದೆ, ಒಂದು ಬೆಳೆ ಹೋದರೆ ಮನೆಯ ವರಮಾನವೇ ಹೋದಂತೆ. ಕೇಳಿ, ಕೈಕಾಲು ತೊಳೆದು, ಫ್ಲ್ಯಾಶ್ ಆರಿಸಿ ಹೋಗುವುದು ಮರ್ಯಾದೆ.

ಇಲ್ಲಿಯವರೆಗೆ ಹೇಳಿದ್ದು ಮೇಲ್ಮೈಯೇ ಚಿತ್ರವಾಗುವ ಬಗೆ. ಒಂದು ಮೇಲ್ಮೈಯನ್ನು ಇನ್ನೊಂದು ಚಿತ್ರದ ಮೇಲೆ ಪದರವಾಗಿ ಹೊದಿಸುವ ಬಗೆಯೂ ಇದೆ. ಡಾರ್ಕ್‌ರೂಮಿನ ಕಾಲದಲ್ಲೇ ನೆಗೆಟಿವ್ ಜೊತೆ ಟೆಕ್ಸ್ಚರ್ ಸ್ಕ್ರೀನ್ ಇಟ್ಟು ಪ್ರಿಂಟ್ ತೆಗೆಯುತ್ತಿದ್ದರು. 1994ರಲ್ಲಿ ಫೋಟೊಶಾಪಿಗೆ ಲೇಯರ್ ಬಂದ ಮೇಲೆ ಕೆಲಸ ಸಲೀಸಾಯಿತು. ಇಂದು ಉಚಿತವಾಗಿ ಸಿಗುವ ಗಿಂಪ್‌ನಲ್ಲೂ, ಮೊಬೈಲಿನ ಸ್ನ್ಯಾಪ್‌ಸೀಡ್‌ನಲ್ಲೂ ಇದನ್ನು ಮಾಡಬಹುದು. ಪದರ ಬೆರೆಸುವ ಬಗೆಗಳಲ್ಲಿ (ಬ್ಲೆಂಡ್ ಮೋಡ್) ‘ಮಲ್ಟಿಪ್ಲೈ’ ಆಯ್ದರೆ ಪದರದ ಬಿಳಿ ಮಾಯವಾಗಿ ಕಪ್ಪು ಉಳಿಯುತ್ತದೆ. ‘ಸ್ಕ್ರೀನ್’ನಲ್ಲಿ ಅದಕ್ಕೆ ತದ್ವಿರುದ್ಧ. ‘ಓವರ್‌ಲೇ’, ‘ಸಾಫ್ಟ್ ಲೈಟ್’ ಎರಡರಲ್ಲೂ ನಡುಬೂದು ಬಣ್ಣ ಏನನ್ನೂ ಬದಲಿಸುವುದಿಲ್ಲ. ಹೀಗಾಗಿ ಪದರವನ್ನು ಕಪ್ಪುಬಿಳುಪು ಮಾಡಿ ನಡುಬೂದಿನ ಹತ್ತಿರ ತಂದರೆ ಚಿತ್ರದ ಬಣ್ಣ ಕೆಡದೆ ತರಿ ಮಾತ್ರ ಸೇರುತ್ತದೆ. ಮುಖದ ಮೇಲಿನ ಪದರವನ್ನು ಮಾಸ್ಕ್‌ನಿಂದ ಅಳಿಸಬೇಕು, ಇಲ್ಲವಾದರೆ ಸುಂದರ ಮುಖಕ್ಕೂ ಚರ್ಮರೋಗ ಬಂದಂತೆ ಕಾಣುತ್ತದೆ.

ಪದರಕ್ಕೆಂದು ತೆಗೆಯುವಾಗ ಮೋಡದ ದಿನವೇ ಒಳ್ಳೆಯದು. ಗಾಢ ನೆರಳಿಲ್ಲದ ಮೇಲ್ಮೈ ಯಾವ ಚಿತ್ರಕ್ಕೂ ಒಗ್ಗುತ್ತದೆ. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿರಲಿ, ಅಪರ್ಚರ್ ಎಫ್/8 ಆಸುಪಾಸಿನಲ್ಲಿದ್ದರೆ ಮೂಲೆಗಳೂ ಚೂಪಾಗಿರುತ್ತವೆ. ಮೊಬೈಲಿನವರು ರಾ ಫೈಲ್ ಉಳಿಸಿಕೊಳ್ಳಲಿ. ಮೊಬೈಲಿನ ಸಾಫ್ಟ್‌ವೇರ್ ಗದ್ದಲ ಅಳಿಸುವ ಭರದಲ್ಲಿ ನಮಗೆ ಬೇಕಾದ ತರಿಯನ್ನೇ ಒರೆಸಿಬಿಡುತ್ತದೆ. ಸ್ಪರ್ಧೆಗೆ ಕಳಿಸುವವರು ನೆನಪಿಡಬೇಕಾದದ್ದು ಇನ್ನೊಂದಿದೆ: ನಿಸರ್ಗ ಮತ್ತು ಪತ್ರಿಕಾ ಛಾಯಾಚಿತ್ರ ವಿಭಾಗಗಳಲ್ಲಿ ಪದರ ಹೊದಿಸುವುದು ನಿಷಿದ್ಧ.

ಅಂತರ್ಜಾಲದಲ್ಲಿ ಸಿದ್ಧ ಟೆಕ್ಸ್ಚರುಗಳು ರಾಶಿ ರಾಶಿ ಸಿಗುತ್ತವೆ. ಯಾವುದೋ ಶೀತ ದೇಶದ ಸುಣ್ಣ ಉದುರಿದ ಗೋಡೆಯನ್ನು ಚಿಂತಾಮಣಿಯ ರಾಗಿ ಕಣದ ಚಿತ್ರಕ್ಕೆ ಹೊದಿಸುವುದು ನನಗೆ ಒಪ್ಪಿಗೆಯಿಲ್ಲ. ನೂಲು ಬಿಚ್ಚುವ ಅಜ್ಜಿಯ ಚಿತ್ರಕ್ಕೆ ಗೂಡಿನ ಮೈಯನ್ನೇ ಪದರವಾಗಿಸಿದರೆ ಆ ಬಾಳು ಎರಡು ಸಲ ಚಿತ್ರದೊಳಗೆ ಬರುತ್ತದೆ. ಬೇಕಾದ ಸರಕು ಊರ ಸುತ್ತಲೇ ಇದೆ. ಚಿಕ್ಕಬಳ್ಳಾಪುರದ ತೋಟಗಳ ಬೆಂಗಳೂರು ಬ್ಲೂ ದ್ರಾಕ್ಷಿಯ ಮೇಲಿನ ಬೂದಿಬಣ್ಣದ ಮೇಣದ ಪೊರೆಯನ್ನು ಯಾರೂ ಮುಟ್ಟುವ ಮುಂಚೆ ಹಿಡಿಯಬೇಕು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ನಾವು 1938ರ ಏಪ್ರಿಲ್ 25ರ ಗೋಲಿಬಾರಿನಿಂದ ನೆನೆಯುತ್ತೇವೆ. ಅಲ್ಲಿನ ಸಾಲು ಸಾಲು ನಾಗರಕಲ್ಲುಗಳ ಮೇಲೆ ಅರಿಶಿನ ಕುಂಕುಮ ಪದರಪದರವಾಗಿ ಕೂತಿದೆ. ಹರಕೆಯವರು ಪೂಜೆ ಮುಗಿಸುವವರೆಗೆ ದೂರ ನಿಂತರೆ ಆಯಿತು. ಬತ್ತಿದ ಕೆರೆಯಂಗಳದ ಬಿರುಕುಗಳನ್ನು ತೆಗೆದಿಟ್ಟುಕೊಂಡವರು ಜೋಪಾನ ಮಾಡಲಿ. ಎಚ್.ಎನ್. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದ ಕೆರೆಗಳಲ್ಲಿ ಆ ಬಿರುಕುಗಳು ಈಗ ನೀರಿನಡಿ ಸೇರಿವೆ.

ಪ್ರತಿ ಫೈಲಿನ ಹೆಸರಿನಲ್ಲಿ ಊರು, ಮೇಲ್ಮೈ, ತಿಂಗಳು, ಜೊತೆಗೆ ಬೆಳಕು ಎಡದಿಂದ ಬಂತೋ ಬಲದಿಂದಲೋ ಎಂಬುದನ್ನೂ ಬರೆದಿಡಿ. ಮುಂದೆ ಅದನ್ನು ಹೊದಿಸುವ ಚಿತ್ರದ ನೆರಳು ಇನ್ನೊಂದು ಕಡೆಗಿದ್ದರೆ ಪದರವನ್ನು ಅಡ್ಡಕ್ಕೆ ಮಗುಚಿ ಕೂರಿಸಬಹುದು.