ಸಿನ್ನರ್ ಮನೆಯ ನೆಲದಲ್ಲಿ ನಮ್ಮ ಕಡೆಯ ಕಲ್ಲು

ಗೋಡೆಗೆ ಯಾವ ಬಣ್ಣ, ಕಿಟಕಿಗೆ ಯಾವ ಪರದೆ ಎಂದು ತಿಂಗಳುಗಟ್ಟಲೆ ಚರ್ಚೆ ಮಾಡುತ್ತೇವೆ. ನೆಲದ ನೆನಪಾಗುವುದು ಮಾತ್ರ ಅದು ಮಂಕಾದಾಗ. ಆಗಲೂ ನಮಗೆ ಹೊಳೆಯುವುದು ಎರಡೇ ದಾರಿ: ಆಸಿಡ್ ಹಾಕಿ ತಿಕ್ಕಿಸುವುದು, ಇಲ್ಲವೇ ಕಿತ್ತೆಸೆದು ಟೈಲ್ಸ್ ಹಾಕಿಸುವುದು. ಎರಡಕ್ಕೂ ಮುಂಚೆ ಐದು ನಿಮಿಷ ಇದನ್ನು ಓದಿಬಿಡಿ.

ಮುಂಬಯಿಯಿಂದ ಶಿರಡಿಗೆ ಹೋದವರಿಗೆ ಸಿನ್ನರ್ ಹೊಸದಲ್ಲ. ನಾಸಿಕದಿಂದ ಪುಣೆ ರಸ್ತೆಯಲ್ಲಿ ಸುಮಾರು 30 ಕಿ.ಮೀ. ದೂರದ ಊರು. ಈಗ ಸಮೃದ್ಧಿ ಮಹಾಮಾರ್ಗವೂ ಆ ತಾಲೂಕನ್ನು ಹಾದೇ ಛತ್ರಪತಿ ಸಂಭಾಜಿನಗರದ ಕಡೆ ಹೋಗುತ್ತದೆ. ದೇವಗಿರಿಗೆ ಹೋಗುವ ಮೊದಲು ಸೇವುಣ ಯಾದವರ ರಾಜಧಾನಿ ಇದೇ ಸಿನ್ನರ್ ಆಗಿತ್ತು. ಕನ್ನಡದಲ್ಲೂ ಶಾಸನ ಬರೆಸಿದ ಮನೆತನ ಅದು! ಅವರ ಕಾಲದ ಗೋಂದೇಶ್ವರ ದೇವಾಲಯ ಇನ್ನೂ ಅಲ್ಲಿದೆ. ನಡುವೆ ಶಿವ, ಸುತ್ತ ನಾಲ್ಕು ಚಿಕ್ಕ ಗುಡಿಗಳು, ಎಲ್ಲವೂ ಕಪ್ಪು ಕಲ್ಲು.

ಆ ಕಪ್ಪು ಕಲ್ಲು ಸ್ಥಳೀಯವಾದದ್ದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಗಟ್ಟಿಯಾದ ಬಸಾಲ್ಟ್. ಕಂಬ ಕಡೆಯಲು, ಗೋಡೆ ಕಟ್ಟಲು ಬಲು ಚೆನ್ನ. ಆದರೆ ಹಪ್ಪಳದ ಹಾಗೆ ಪದರ ಪದರವಾಗಿ ಏಳುವ ಕಲ್ಲಲ್ಲ. ಮನೆಯ ನೆಲಕ್ಕೆ ಬೇಕಾದದ್ದು ಚಪ್ಪಡಿ ತಾನೇ? ಅದು ಬಂದದ್ದು ನಮ್ಮ ಕಡೆಯಿಂದ. ಸಿನ್ನರ್‌ನಲ್ಲಾಗಲಿ, ನಾಸಿಕದಲ್ಲಾಗಲಿ, ನಮ್ಮ ಪರೇಲ್, ದಾದರ್‌ಗಳ ಹಳೇ ಚಾಳಿನಲ್ಲಾಗಲಿ "ಶಹಾಬಾದಿ ಫರಶಿ" ಎಂದು ಕೇಳಿರುತ್ತೀರಿ. ಆ ಶಹಾಬಾದ ಬೇರೆಲ್ಲೂ ಇಲ್ಲ, ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ. ಭೀಮಾ ತೀರದ ಸುಣ್ಣಕಲ್ಲಿನ ಸೀಮೆ. ಪಕ್ಕದ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದೂ ಇದೇ ಕಲ್ಲಿನ ದೆಸೆಯಿಂದ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ ದಾಟಿ ರಾಯಚೂರಿಗೆ ಹೋಗುವ ರೈಲುಮಾರ್ಗ ಶಹಾಬಾದದ ಮೇಲೆಯೇ ಹೋಗುತ್ತದೆ. ಈ ಭಾರದ ಕಲ್ಲು ಅಷ್ಟು ದೂರ ಹಬ್ಬಿದ್ದರಲ್ಲಿ ಆ ಹಳಿಗಳ ಪಾಲೂ ಇದೆ.

ಇಲ್ಲಿ ಮುಖ್ಯವಾದ ಮಾತು "ಸುಣ್ಣಕಲ್ಲು". ಶಹಾಬಾದಿ, ಅಡುಗೆಕಟ್ಟೆಗೆ ಹಾಕುವ ಕಪ್ಪು ಕಡಪ, ಸೊಸೈಟಿಯ ಮೆಟ್ಟಿಲಿಗೆ ಹಾಕುವ ಹಸಿರು ಛಾಯೆಯ ಕೋಟಾ, ಈ ಮೂರೂ ಅದೇ ಜಾತಿ. ಹುಳಿ ತಾಗಿದರೆ ಸುಣ್ಣಕಲ್ಲು ಕರಗುತ್ತದೆ. ಟಾಯ್ಲೆಟ್ ಕ್ಲೀನರಿನ ಹೈಡ್ರೋಕ್ಲೋರಿಕ್ ಆಸಿಡ್ ಬಿದ್ದಾಗ ನೊರೆ ಬುಸುಬುಸು ಏಳುತ್ತದಲ್ಲ, "ನೋಡಿ, ಕೊಳೆ ಹೇಗೆ ಏಳ್ತಾ ಇದೆ" ಎಂದು ನಾವು ಖುಷಿಪಡುತ್ತೇವೆ. ಏಳುತ್ತಿರುವುದು ಬರೀ ಕೊಳೆಯಲ್ಲ ಸ್ವಾಮಿ, ನಿಮ್ಮ ನೆಲ!

ಇನ್ನೊಂದು ತಮಾಷೆ ಕೇಳಿ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ, ಸಿನ್ನರ್ ಕಡೆ ಬಾಡಿಗೆ ಮನೆ ಹಿಡಿದವರಿಗೂ ಈ ಗೋಳು ಬರಬಹುದು, ನೆಲ ಒರೆಸಿದ ಮೇಲೆ ಬಿಳಿ ಪೊರೆ ಕೂರುತ್ತದೆ. ಆ ಪೊರೆ ಏನು? ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲೇ. ಕೊಳೆಯೂ ಕಲ್ಲೂ ಒಂದೇ ವಸ್ತುವಾದ ಮೇಲೆ, ಒಂದನ್ನು ತಿಂದು ಇನ್ನೊಂದನ್ನು ಬಿಡುವ ಆಸಿಡ್ ಎಲ್ಲಿಂದ ತರುತ್ತೀರಿ? ಪೊರೆ ಹೋಗುತ್ತದೆ, ಜೊತೆಗೆ ಕಲ್ಲಿನ ನಯವಾದ ಮೈಯೂ ಹೋಗುತ್ತದೆ. ತರಿತರಿಯಾದ ಮೈಯಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಆಗ ಮತ್ತೆ ಆಸಿಡ್. ಸಂದಿನ ಸಿಮೆಂಟೂ ಅದೇ ದಾರಿ ಹಿಡಿಯುತ್ತದೆ. ಸಂದು ಬಿಟ್ಟ ಮೇಲೆ ಇರುವೆ, ಒಸರು, ಅಲ್ಲಾಡುವ ಚಪ್ಪಡಿ. ಕಡೆಗೆ ಮನೆ ಮಾಲೀಕರು ಡಿಪಾಸಿಟ್‌ನಿಂದ ಮುರಿದುಕೊಳ್ಳುತ್ತಾರೆ!

ನಿಮ್ಮ ನೆಲ ಯಾವುದೆಂದು ಗೊತ್ತಿಲ್ಲವೇ? ಮಂಚದಡಿ, ಕಾಣದ ಮೂಲೆಯಲ್ಲಿ ಒಂದೇ ತೊಟ್ಟು ನಿಂಬೆರಸ ಬಿಡಿ. ಕೆಲವು ನಿಮಿಷ ಬಿಟ್ಟು ಒರೆಸಿ ನೋಡಿ. ಸಣ್ಣ ಗುಳ್ಳೆ ಎದ್ದರೆ, ಇಲ್ಲವೇ ಮಂಕು ಕಲೆ ಉಳಿದರೆ ಅದು ಸುಣ್ಣಕಲ್ಲಿನ ಕಡೆಯದು. ವಿಟ್ರಿಫೈಡ್ ಟೈಲ್ಸ್ ಆದರೆ ಏನೂ ಆಗುವುದಿಲ್ಲ.

ಹಾಗಾದರೆ ಒರೆಸುವುದು ಹೇಗೆ? ಮೊದಲು ಒಣ ಕಸ ಚೆನ್ನಾಗಿ ಗುಡಿಸಬೇಕು. ಬೇಸಿಗೆಯ ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ, ಒದ್ದೆ ಬಟ್ಟೆಯಡಿ ಅದು ಉಪ್ಪುಕಾಗದದಂತೆ ಕಲ್ಲನ್ನು ಉಜ್ಜುತ್ತದೆ. ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಇದ್ದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವ ಕೆಲವೇ ಹನಿ. ಸಾಬೂನಿನ ಚೂರು ಬೇಡ, ಗಡಸು ನೀರಿನಲ್ಲಿ ಅದು ಜಿಡ್ಡಾಗಿ ನೆಲಕ್ಕೇ ಅಂಟುತ್ತದೆ. ಬಟ್ಟೆ ಗಟ್ಟಿಯಾಗಿ ಹಿಂಡಿ ಒರೆಸಿ, ಬೆನ್ನ ಹಿಂದೆಯೇ ಇನ್ನೊಂದು ಒಣ ಬಟ್ಟೆ ಎಳೆಯಿರಿ. ಬಿಳಿ ಪೊರೆಗೆ ನಿಜವಾದ ಮದ್ದು ಈ ಎರಡನೇ ಬಟ್ಟೆ. ನೀರು ನೆಲದ ಮೇಲೆ ತಾನೇ ಆರದಿದ್ದರೆ ಪೊರೆಯೂ ಕೂರುವುದಿಲ್ಲ. ಈಗಾಗಲೇ ಕೂತಿರುವುದನ್ನು ಪ್ಲಾಸ್ಟಿಕ್ ಬ್ರಷ್ಷಿನಿಂದ ದಿನಕ್ಕಿಷ್ಟಿಷ್ಟು ಉಜ್ಜಿ ತೆಗೆಯಿರಿ. ತಾಳ್ಮೆ ಬೇಕು, ನಿಜ.

ಎಣ್ಣೆ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಹಾಳೆ ತೆಗೆದು, ಒಣಗಿದ ಮೇಲೆ ಕೆರೆದು ತೆಗೆಯಿರಿ. ಹಳೇ ಕಲೆಗೆ ಎರಡು ಮೂರು ಸಲ ಬೇಕಾದೀತು. ಕಡಪದ ಅಡುಗೆಕಟ್ಟೆಯ ಮೇಲೆ ಹಿಂಡಿದ ನಿಂಬೆಹೋಳು, ಹುಣಸೆ ಕಿವುಚಿದ ಬಟ್ಟಲು, ಪುನರ್ಪುಳಿ ಸಾರಿನ ಸೌಟು ಬಿಟ್ಟು ಹೋಗಬೇಡಿ, ಬಿಳಿಚಿದ ಗುರುತು ಉಳಿಯುತ್ತದೆ. ಕೆಲವರು ಅದನ್ನು ಮುಚ್ಚಲು ತೆಂಗಿನೆಣ್ಣೆ ಸವರುತ್ತಾರೆ. ನಾಲ್ಕು ದಿನ ಮಿರಮಿರ, ಆಮೇಲೆ ಧೂಳಿನ ಅಂಟು. ಕಟ್ಟೆಗಾದರೆ ನಿಮ್ಮಿಷ್ಟ, ನೆಲಕ್ಕೆ ಮಾತ್ರ ಎಣ್ಣೆ ಸವರಲೇಬೇಡಿ. ಮನೆಯಲ್ಲಿ ವಯಸ್ಸಾದವರಿದ್ದಾರೆ.

ಈಗ ಸ್ವಲ್ಪ ಗಂಭೀರವಾದ ಮಾತು. ಆಸಿಡ್ ಇರುವ ಕ್ಲೀನರನ್ನೂ ಬ್ಲೀಚನ್ನೂ ಯಾವ ಕಾರಣಕ್ಕೂ ಕೂಡಿಸಬಾರದು. ಒಂದನ್ನು ಸುರಿದು, ಸಾಲದೆಂದು ಅದರ ಮೇಲೆ ಇನ್ನೊಂದು ಸುರಿಯುವುದೂ ಕೂಡಿಸಿದಂತೆಯೇ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸುತ್ತದೆ. ಕಣ್ಣು, ಗಂಟಲು ಉರಿಯತೊಡಗಿದರೆ ತೊಳೆಯುತ್ತ ನಿಲ್ಲಬೇಡಿ. ಮೊದಲು ಹೊರಗೆ ಬನ್ನಿ, ಉಸಿರಾಟ ಕಷ್ಟವಾದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಬಚ್ಚಲು ತಿಕ್ಕುವವರು ನಾವಲ್ಲ, ಕೆಲಸದ ಬಾಯಿ. ಎಷ್ಟು ಮನೆಗಳಲ್ಲಿ ಆಕೆಗೆ ಒಂದು ಜೊತೆ ಕೈಗವಸು ಕೊಟ್ಟಿದ್ದೇವೆ? ಬಾಟಲಿ ಮೇಲಿನ ಎಚ್ಚರಿಕೆ ಆಕೆ ಓದಲಾರದ ಭಾಷೆಯಲ್ಲಿದ್ದರೆ ನಾವೇ ಓದಿ ಹೇಳಬೇಕು.

ಟೈಲ್ಸ್ ಹಾಕಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಹಳೇ ಫರಶಿಯ ಮೇಲೆಯೇ ಟೈಲ್ಸ್ ಹೊದಿಸಿದರೆ ನೆಲ ಏರುತ್ತದೆ. ಬಾಗಿಲುಗಳ ಅಡಿ ಕತ್ತರಿಸಬೇಕು, ಬಚ್ಚಲಿನ ನೀರು ಹಾಲಿನ ಕಡೆ ಮುಖ ಮಾಡದಂತೆ ಇಳಿಜಾರು ನೋಡಬೇಕು, ಹಳೇ ಕಟ್ಟಡಕ್ಕೆ ಭಾರವೂ ಹೆಚ್ಚು. ಅದಕ್ಕೆ ಮೊದಲು ಪಾಲಿಶ್ ಮಿಸ್ತ್ರಿಯನ್ನು ಕರೆದು ಒಂದು ಮೂಲೆ ಉಜ್ಜಿಸಿ ನೋಡಿ. ಶಹಾಬಾದಿಗೆ ಗಾಜಿನ ಹೊಳಪು ಬಾರದು, ಅದರ ಚಂದ ಬೇರೆ. ಬಚ್ಚಲಿನ ಕಲ್ಲಿಗೆ ಪಾಲಿಶ್ ಬೇಡವೆಂದು ಮುಂಚೆಯೇ ಹೇಳಿಬಿಡಿ, ಅಲ್ಲಿ ಒರಟಿದ್ದರೇ ಕಾಲು ಜಾರುವುದಿಲ್ಲ. ನೆಲಮಹಡಿಯವರು ಮಂಕು ಮುಚ್ಚಲು ಪ್ಲಾಸ್ಟಿಕ್ ಕಾರ್ಪೆಟ್ ಹಾಸುವುದೂ ಬೇಡ. ಮಳೆಗಾಲದ ತೇವ ಅಡಿಯಲ್ಲೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ.

ಕೋಣೆ ಕತ್ತಲಾಗಿ ಕಾಣುತ್ತದೆ ಎನ್ನುವವರು ಗೋಡೆಗೆ ಕೆನೆ ಬಣ್ಣ ಬಳಿಸಿ. ಬೂದು ಕಲ್ಲಿನ ಮೇಲೆ ನವಲಗುಂದದ ಜಮಖಾನೆ ಹಾಸಿ ನೋಡಿ, ಯಾವ ಟೈಲ್ಸಿನ ಮೇಲೂ ಅದು ಅಷ್ಟು ಒಪ್ಪುವುದಿಲ್ಲ. ಹೊಸ್ತಿಲ ಬಳಿ ಎಳೆದ ಬಿಳಿ ರಂಗೋಲಿಯಂತೂ ಬೀದಿಯ ತನಕ ಕಾಣುತ್ತದೆ.