ತಿಗಣೆ ಔಷಧಿಯೂ ನೆಲದ ಮೇಲಿನ ಮಗುವೂ

ಲಕ್ಷ್ಮೀ ನಗರದ ಒಂದೇ ಕೋಣೆಯ ಸಂಸಾರಗಳಲ್ಲಿ ತಿಗಣೆ, ಜಿರಳೆಗಳ ಕಾಟ ಎಷ್ಟೆಂಬುದನ್ನು ವಾಚಕ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಔಷಧಿ ಹೊಡೆದು, ಗಂಟೆ ಹೊತ್ತು ಬಾಗಿಲು ತೆರೆದಿಟ್ಟು, ವಾಸನೆ ಹೋಯಿತೆಂದು ಮಗುವನ್ನು ನೆಲಕ್ಕೆ ಬಿಡುವುದು ನಮ್ಮವರ ವಾಡಿಕೆ. ವಾಸನೆ ಹೋದ ಮಾತ್ರಕ್ಕೆ ವಿಷ ಹೋಗುವುದಿಲ್ಲ.

ವಿಷ ಎಷ್ಟು ಕಾಲ ಉಳಿದೀತೆಂಬುದನ್ನು ಗಡಿಯಾಚೆಯ ನಮ್ಮವರ ಮಕ್ಕಳೇ ಅನುಭವಿಸಿದ್ದಾರೆ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದ ಸುತ್ತಲಿನ ಸರ್ಕಾರಿ ನಿಗಮದ ಗೇರು ತೋಟಗಳಿಗೆ ಸುಮಾರು ಇಪ್ಪತ್ತು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೊನೆಯ ಸಿಂಪರಣೆ 2000ದ ಡಿಸೆಂಬರಿನಲ್ಲಿ. ಹತ್ತು ತಿಂಗಳ ತರುವಾಯ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ ಶಾಲಾಮಕ್ಕಳ ರಕ್ತ ಪರೀಕ್ಷಿಸಿದಾಗಲೂ ಆ ವಿಷ ಕಂಡುಬಂತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು.

ನಮ್ಮ ಮನೆಯ ಔಷಧಿ ಎಂಡೋಸಲ್ಫಾನ್ ಅಲ್ಲ, ನಿಜ. ಹೆಚ್ಚಾಗಿ ಅದು ಪೈರೆಥ್ರಾಯ್ಡ್ ಜಾತಿಯದು. ಬಯಲಿನ ಬಿಸಿಲಿಗೆ ಬೇಗನೆ ಅಳಿಯುವ ಈ ವಿಷ, ಸೂರ್ಯನ ಮುಖ ಕಾಣದ ನಮ್ಮ ಕೋಣೆಗಳ ಧೂಳಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಬೆಗಾಲಿನ ಮಗುವಿಗೆ ಆ ನೆಲವೇ ಆಟದ ಬಯಲು. ಅದೇ ಕೈ ಬಾಯಿಗೆ. ತನ್ನ ತೂಕಕ್ಕೆ ನಮಗಿಂತ ಹೆಚ್ಚು ಗಾಳಿಯನ್ನೂ ಅದು ಎಳೆದುಕೊಳ್ಳುತ್ತದೆ. ಇರುವೆಗೆಂದು ಗೀಚುವ ಸೀಮೆಸುಣ್ಣವೂ ವಿಷವೇ. ಮಕ್ಕಳಿಗೆ ಅದು ಸ್ಲೇಟಿನ ಬಳಪದಂತೆ ಕಾಣುತ್ತದೆ.

ತಿಗಣೆಗೆ ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ಯಿರಿ. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿಸಿ. ಔಷಧಿ ಹೊಡೆಯಲೇಬೇಕಾದರೆ ಮಗುವನ್ನು ಬೇರೆಡೆ ಕಳಿಸಿ, ಮರಳುವ ಮುನ್ನ ನೆಲವನ್ನು ಸಾಬೂನು ನೀರಿನಿಂದ ಒರೆಸಿ. ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ಕೆಲಸಕ್ಕೆ ಹೋಗುವವರು, ಅಲ್ಲಿ ಯಾವ ಔಷಧಿ, ಯಾವ ದಿನ ಹೊಡೆಯುತ್ತಾರೆಂದು ಕೇಳಿ. ಶನಿವಾರ ಸಂಜೆ ಹೊಡೆದು ಸೋಮವಾರಕ್ಕೆ ಮುಂಚೆ ತೊಳೆಯಿರೆಂದರೆ ಯಾರೂ ಕೋಪಿಸಿಕೊಳ್ಳಲಾರರು.

ಇನ್ನು ಗೋಧಿಯ ಡಬ್ಬದಲ್ಲಿಡುವ ಗುಳಿಗೆ. ನಮ್ಮ ಗಿರಣಿಯ ಗೋದಾಮಿನಲ್ಲಿ ಅದನ್ನಿಟ್ಟ ದಿನ ಬಾಗಿಲಿಗೆ ಬೀಗ. ಗುಮಾಸ್ತರಾದ ನಮಗೂ ಪ್ರವೇಶವಿಲ್ಲ. ಅಂಥದನ್ನು ಮಗು ಮಲಗುವ ಕೋಣೆಯಲ್ಲಿಡುವವರಿದ್ದಾರೆ! ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಗುಲಿದೊಡನೆ ಫಾಸ್ಫೀನ್ ಎಂಬ ಪ್ರಾಣಾಂತಕ ಅನಿಲವನ್ನು ಬಿಡುತ್ತದೆ. ಅದಕ್ಕೆ ಪ್ರತ್ಯೌಷಧವಿಲ್ಲ. ಅದನ್ನು ಮನೆಗೆ ತರಲೇ ಬೇಡಿರಿ. ಗೋಧಿಯನ್ನು ತಿಂಗಳಿಗೆ ಬೇಕಾದಷ್ಟೇ ಕೊಂಡು, ಬಿಸಿಲಿಗೆ ಹಾಕಿ, ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟರೆ ಸಾಕು. ಮಗು ಯಾವ ವಿಷವನ್ನೇ ಬಾಯಿಗಿಟ್ಟರೂ ವಾಂತಿ ಮಾಡಿಸಹೋಗದೆ, ಔಷಧಿಯ ಪೊಟ್ಟಣ ಸಮೇತ ಆಸ್ಪತ್ರೆಗೆ ಓಡಿರಿ.